ಬೆಕ್ಕಿನ ಮೈಗೆ ಹಚ್ಚಿದ ಪುಡಿ

ಕಳೆದ ವಾರ ಗದಗಿನ ಬೀಜ-ಗೊಬ್ಬರದ ಅಂಗಡಿಯೊಂದರ ಮುಂದೆ ಹಾದುಹೋಗುವಾಗ ಯಾವುದೋ ಕ್ರಿಮಿನಾಶಕ ಪುಡಿಯ ವಾಸನೆ ಮೂಗಿಗೆ ಬಡಿಯಿತು. ಮುಗ್ಗಿದ ಗೋಡೆಯಂಥ, ಗಂಟಲಿಗಿಳಿದರೆ ಬೇಗ ಬಿಡದ ಘಾಟು. ನಡೆಯುತ್ತಿದ್ದವಳು ನಿಂತುಬಿಟ್ಟೆ. ಬೆಟಗೇರಿಯ ಎದುರುಮನೆ ಕಾಕು ನೆನಪಾದರು...

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಮದುವೆಯಾಗಿ ಬಂದ ಹೊಸತು. ನನ್ನ ಯಜಮಾನರು ಶಾಲಾ ಮಾಸ್ತರರು. ನೇಕಾರರ ಓಣಿಯಲ್ಲಿ ಬಾಡಿಗೆಗಿದ್ದೆವು. ಎದುರುಮನೆಯ ಗಂಡ-ಹೆಂಡತಿಯನ್ನು ನಾನು ಕಾಕಾ, ಕಾಕು ಎನ್ನುತ್ತಿದ್ದೆ. ಕಾಕಾ ಸೀರೆ ನೇಯುತ್ತಿದ್ದರು, ಕಾಕು ನೂಲು ಸುತ್ತುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ನೂಲು ಕಡಿಯುವ ಇಲಿಗಳ ಕಾಟಕ್ಕೆಂದು ತಂದ ಬೂದು ಬೆಕ್ಕೊಂದಿತ್ತು. ಇಲಿ ಬರೀ ನೆಪ. ಅದು ಕಾಕುವಿನ ಮಡಿಲು ಬಿಟ್ಟು ಇಳಿಯುತ್ತಲೇ ಇರಲಿಲ್ಲ. ಹೊಸ ಊರಿನಲ್ಲಿ ಮಾತಿಗೆ ಯಾರೂ ಇಲ್ಲದ ನನ್ನನ್ನು ಮೊದಲು ಒಳಗೆ ಕರೆದು ಚಹಾ ಕೊಟ್ಟವರೂ ಕಾಕುವೇ.

ಒಂದು ಬೇಸಿಗೆಯಲ್ಲಿ ಬೆಕ್ಕು ಮರಿ ಹಾಕಿತು. ಕೆಲವೇ ವಾರಗಳಲ್ಲಿ ತಾಯಿ ಬೆಕ್ಕು ಮೈಯೆಲ್ಲ ಕೆರೆದುಕೊಳ್ಳತೊಡಗಿತು. ಕುತ್ತಿಗೆಯ ರೋಮ ಉದುರಿ ಕೆಂಪು ಚರ್ಮ ಕಂಡಿತು. ರೋಮ ಸರಿಸಿದರೆ ಚಿಗಟಗಳು ಓಡುತ್ತಿದ್ದವು. ಮರಿಗಳು ಎಷ್ಟು ಹಾಲು ಕುಡಿದರೂ ಮೈ ಹಿಡಿಯಲಿಲ್ಲ. ಹೊಟ್ಟೆ ಮಾತ್ರ ಉಬ್ಬಿತ್ತು. ಕಾಕು ಒಂದು ಮರಿಯ ತುಟಿ ಎತ್ತಿ ತೋರಿಸಿದರು. ಒಸಡು ಸುಣ್ಣ ಬಳಿದಂತೆ ಬೆಳ್ಳಗಿತ್ತು.

"ಇದರ ರಕ್ತ ಎಲ್ಲಿ ಹೋತವ್ವಾ?" ಎಂದರು.

ಚಿಗಟಗಳು ಬೆಕ್ಕಿನಿಂದ ಮನೆಗೂ ಹಬ್ಬಿದವು. ಕಾಕಾ ಕಾಲಿಳಿಬಿಟ್ಟು ಕೂರುತ್ತಿದ್ದ ಮಗ್ಗದ ಕುಣಿ ತುಂಬ ಅವೇ. ಅವರ ಮೊಣಕಾಲಿನ ಕೆಳಗೆಲ್ಲ ಗಾಯ. ಕೆಟ್ಟ ಮನುಷ್ಯರಲ್ಲ, ಆದರೆ ಒಂದು ದಿನ ರೋಸಿ ಹೋದರು.

"ಕುಣಿಯೊಳಗ ಕಾಲು ಇಡಾಕ ಆಗವಲ್ದು. ಚಿಗಟ ಹೋಗಬೇಕು, ಇಲ್ಲಾ ಬೆಕ್ಕು ಹೋಗಬೇಕು. ಚೀಲದಾಗ ಹಾಕಿ ಲಕ್ಕುಂಡಿ ಹಾದ್ಯಾಗ ಬಿಟ್ಟ ಬರ್ತೀನಿ ನೋಡು!"

ಕಾಕು ಹೆದರಿದರು. ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ಬೆಕ್ಕನ್ನು ಒರೆಸಿ ನೋಡಿದರು. ಕಡಿಮೆಯಾಗಲಿಲ್ಲ. ಮರುದಿನ ಬೆಳಿಗ್ಗೆ, ಮಂಚದ ತಗಣಿ ಕೊಲ್ಲಲೆಂದು ತಂದಿಟ್ಟಿದ್ದ ಅದೇ ಘಾಟಿನ ಪುಡಿಯನ್ನು ತೆಗೆದು ಬೆಕ್ಕನ್ನು ಮಡಿಲಲ್ಲಿ ಮಲಗಿಸಿಕೊಂಡರು. ಕುತ್ತಿಗೆ, ಹೊಟ್ಟೆ, ಬಾಲದ ಬುಡ... ಎಲ್ಲೂ ಬಿಡದೆ, ಕೂಸಿಗೆ ಎಣ್ಣೆ ಹಚ್ಚುವ ಹಾಗೆ ಮೆಲ್ಲಗೆ ತಿಕ್ಕಿದರು. ಮರಿಗಳಿಗೂ ಹಚ್ಚಿದರು. ನಮ್ಮ ಅಡುಗೆಮನೆಗೆ ನುಸುಳಿ ಬಂದಿದ್ದ ಒಂದು ಮರಿ ಮಾತ್ರ ಅವರ ಕೈಗೆ ಸಿಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೂಗು ಕೇಳಿತು. "ತಂಗೀ, ಲಗೂನ ಬಾ!"

ಓಡಿದೆ. ತಾಯಿ ಬೆಕ್ಕಿನ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಮೈ ನಡುಗಿ, ಕಾಲುಗಳು ಸೆಟೆದು, ಮತ್ತೆ ಸಡಿಲವಾಗುತ್ತಿದ್ದವು. ಸಡಿಲವಾದ ಕೂಡಲೇ ಅದು ಒದ್ದಾಡುತ್ತಿದ್ದ ಮರಿಗಳತ್ತ ತೆವಳಿ ಅವುಗಳ ಮೈ ನೆಕ್ಕುತ್ತಿತ್ತು. ಕಾಕಾ ಮಗ್ಗ ಬಿಟ್ಟು ಓಡಿ ಟಾಂಗಾ ತಂದರು. ಬುಟ್ಟಿ ಎತ್ತಿಕೊಂಡು ಮೂವರೂ ಗದಗಿನ ದನದ ದವಾಖಾನೆಗೆ ಹೋದೆವು. ಹಾದಿಯಲ್ಲೇ ಮರಿಗಳು ತಣ್ಣಗಾದವು.

ಡಾಕ್ಟರು ಬೆಕ್ಕಿನ ಮೈ ಮೂಸಿ ನೋಡಿದರು. "ಬೆಕ್ಕು ಸದಾ ಮೈ ನೆಕ್ಕೋ ಪ್ರಾಣಿ ರೀ. ಮೈಗೆ ಹಚ್ಚಿದ್ದು ಹೊಟ್ಟಿಗೇ ಹೋಗ್ತದ," ಎಂದರು. ಸೋಪಿನ ನೀರಿನಲ್ಲಿ ತೊಳೆಸಿ ಇಂಜೆಕ್ಷನ್ ಕೊಟ್ಟರು. ಬೆಕ್ಕು ಡಾಕ್ಟರ ಮೇಜಿನ ಮೇಲೆಯೇ ಸತ್ತಿತು. ಉಳಿದ ಮರಿಗೆಂದು ಜಂತಿನ ಔಷಧ ಕೊಟ್ಟು, ಪುಡಿ, ಸೀಮೆಎಣ್ಣೆ ಯಾವುದನ್ನೂ ಮುಟ್ಟಿಸಬೇಡಿ, ದಿನಾ ಬಾಚಿ, ಹಾಸಿಗೆ ಕುದಿಸಿ ಒಗೆಯಿರಿ ಎಂದು ಹೇಳಿ ಕಳಿಸಿದರು.

ಹಿತ್ತಲಲ್ಲಿ ಕುಣಿ ತೋಡಿ ಎಲ್ಲವನ್ನೂ ಮಣ್ಣು ಮಾಡಿದವರು ಕಾಕಾ. ಮಗ್ಗ ನಿಲ್ಲಿಸಿ, ಅದರ ಕುಣಿಯ ಮೂಲೆಮೂಲೆ ಗುಡಿಸಿ ಸಾರಿಸಿದರು. ಆಮೇಲೆ ದಿನಾ ಬಿಸಿಲಿಗೆ ಕೂತು ಅವರು ಮರಿಯನ್ನು ಹಿಡಿಯುವುದು, ಕಾಕು ಹೇನಿನ ಬಾಚಣಿಗೆಯಿಂದ ಬಾಚಿ ಚಿಗಟಗಳನ್ನು ಸೋಪಿನ ನೀರಿಗೆ ಉದುರಿಸುವುದು. ಔಷಧಕ್ಕೆ ಶಾವಿಗೆಯಂಥ ಹುಳುಗಳು ಬಿದ್ದವು. ನಿಧಾನಕ್ಕೆ ಮರಿಯ ಒಸಡಿಗೆ ಬಣ್ಣ ಬಂತು.

ಆದರೆ ಕಾಕು ಅದನ್ನು ಒಮ್ಮೆಯೂ ಮಡಿಲಿಗೆ ಹಾಕಿಕೊಳ್ಳಲಿಲ್ಲ. ಅದು ಹತ್ತಲು ಬಂದರೆ ಎದ್ದುಬಿಡುತ್ತಿದ್ದರು. ಹೋಗಿ ಮೊಣಕೈವರೆಗೆ ಕೈ ತೊಳೆಯುತ್ತಿದ್ದರು. ತೊಳೆದು ತೊಳೆದು ಬೆರಳು ಬಿರಿದವು. ಸುತ್ತುವ ನೂಲು ಆ ಬಿರುಕಿಗೆ ಸಿಕ್ಕಿ ಹರಿಯುತ್ತಿತ್ತು.

ನೋಡಲಾಗದೆ ಒಂದು ದಿನ ಹೇಳಿದೆ: "ಕಾಕು, ನಿಮಗ ಗೊತ್ತಿರಲಿಲ್ರಿ."

"ಅದಕ್ಕೂ ಗೊತ್ತಿರಲಿಲ್ಲವ್ವಾ. ನನ್ನ ಕೈ ಅಂತ ಸುಮ್ಮನ ಮಲಗಿತ್ತು."

ಮುಂದೆ ಯಜಮಾನರಿಗೆ ಮುಂಡರಗಿಗೆ ವರ್ಗವಾಯಿತು. ಹೊರಡುವ ದಿನ ಕಾಕು ಹೊಸ್ತಿಲಲ್ಲಿ ನಿಂತಿದ್ದರು, ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು. ಕೆಲವು ವರ್ಷಗಳ ನಂತರ ಜ್ವರದಲ್ಲಿ ತೀರಿಕೊಂಡರೆಂದು ಖಬರು ಬಂತು. ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಕಾಕಾನೂ ಇಲ್ಲ, ಓಣಿಯಲ್ಲಿ ಅವರನ್ನು ಬಲ್ಲವರೂ ಇಲ್ಲ. ಆಗಿನ ಅವರ ವಯಸ್ಸನ್ನು ನಾನು ಎಂದೋ ದಾಟಿದ್ದೇನೆ. ಅವರ ಆ ಮಾತಿಗೆ ಏನು ಹೇಳಬೇಕಿತ್ತು ಎಂದು ಇಂದಿಗೂ ಹೊಳೆದಿಲ್ಲ... ಹೊಳೆದರೂ, ಕೇಳಿಸಿಕೊಳ್ಳಬೇಕಾದವರು ಇಲ್ಲ.