ದುಂಡಸಿಯ ಮೇಲೆ ಹೋದ ಹಾದಿ

ಉಳವಿಗೆ ನಡೆದು ಹೋಗುವುದೆಂದು ನಿಶ್ಚಯವಾದಾಗ ನಮ್ಮ ಅಕ್ಕಿಆಲೂರಿನ ತಂಡದಲ್ಲಿ ಒಂಬತ್ತು ಜನ ಇದ್ದೆವು. ಎಲ್ಲರಿಗೂ ಅದು ಮೊದಲ ದೊಡ್ಡ ಪಾದಯಾತ್ರೆ. ಹಾದಿ ಒಬ್ಬರಿಗೂ ಗೊತ್ತಿರಲಿಲ್ಲ, ಅದರ ಬಗ್ಗೆ ಮಾತಾಡಲು ಮಾತ್ರ ಒಂಬತ್ತು ಜನಕ್ಕೂ ಬರುತ್ತಿತ್ತು. ಅಕ್ಕಿ ಗಿರಣಿಯ ಕೆಲಸ ಬಿಟ್ಟು ಮನೆಯಲ್ಲಿದ್ದ ಹಿರಿಯರೊಬ್ಬರು ಮುಖಂಡರು. ಅವರು ಮೊಬೈಲಿನ ನಕಾಶೆ ನೋಡಿ ಹಾನಗಲ್ಲು, ಮುಂಡಗೋಡ, ಯಲ್ಲಾಪುರ, ಉಳವಿ ಎಂದು ಹೇಳಿ ಕನ್ನಡಕ ತೆಗೆದಿಟ್ಟರು. ಸಮೀಪದ ಹಾದಿ ಅದೇ. ಅದನ್ನು ಕೆಡಿಸಿದವಳು ನಾನು.

"ಮುಂಡಗೋಡ ದಾಟಿದ್ರ ಬರೇ ಅಡವಿರಿ. ಹೆಣ್ಣಮಕ್ಕಳು ಆರು ಮಂದಿ ಅದೇವಿ, ಎಲ್ಲಿ ವಸ್ತಿ ಮಾಡೂದು? ದುಂಡಸಿ, ತಡಸದ ಮ್ಯಾಲೆ ಹಾದು ಹಳಿಯಾಳದ ಕಡೆ ಹೋದ್ರ ಹಾದಿ ತುಂಬ ದಾಸೋಹ ಇರ್ತಾವು. ಸವಣೂರು, ಶಿಗ್ಗಾವಿ ಮಂದಿ ಎಲ್ಲಾ ಹಂಗ ಹೋಗ್ತಾರ" ಎಂದೆ.

"ಎರಡು ದಿನ ಹೆಚ್ಚಿಗಿ ಆಗತೈತೆಲ್ಲವ್ವಾ?" ಎಂದರು ಮುಖಂಡರು.

"ಆಗ್ಲಿರಿ. ದೇವರ ಕೆಲಸಕ್ಕ ಅವಸರ ಯಾಕ?"

ದೇವರನ್ನು ಮಧ್ಯೆ ತಂದ ಮೇಲೆ ನಮ್ಮಲ್ಲಿ ಯಾರೂ ವಾದ ಬೆಳೆಸುವುದಿಲ್ಲ. ನಾನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ನಿಜವಾದ ಕಾರಣವನ್ನಷ್ಟೇ ನುಂಗಿಕೊಂಡಿದ್ದೆ. ದುಂಡಸಿ ನನ್ನ ತವರು. ಆರು ವರ್ಷದಿಂದ ತವರಿನ ಹೆಸರೆತ್ತುವುದನ್ನೇ ಬಿಟ್ಟಿದ್ದೆನಾದ್ದರಿಂದ ತಂಡದಲ್ಲಿ ಯಾರಿಗೂ ಅದು ತಿಳಿದಿರಲಿಲ್ಲ.

ಅಣ್ಣ ತನ್ನ ಮಗನಿಗೆ ನನ್ನ ಮಗಳನ್ನು ಕೇಳಿದ್ದ. ಮಗಳು ಒಲ್ಲೆ ಎಂದಳು, ನಾನು ಅವಳ ಪರ ನಿಂತೆ, ಬೇರೆ ಕಡೆ ಕೊಟ್ಟೆವು. ಅಷ್ಟಕ್ಕೇ ಅಣ್ಣ ಫೋನಿನಲ್ಲಿ "ಇನ್ನ ನನ್ನ ಹೊಸ್ತಿಲ ತುಳೀಬ್ಯಾಡ" ಎಂದುಬಿಟ್ಟ. ಅಲ್ಲಿಂದ ಮುಂದೆ ನಾಗರ ಪಂಚಮಿಗೆ ತವರಿಗೆ ಕರೆಯಲು ಯಾರೂ ಬರಲಿಲ್ಲ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಅಣ್ಣ ತಮ್ಮಂದಿರ ಗಾಡಿ ಹತ್ತಿ ಹೋಗುವಾಗ ನಾನು ಒಳಗೆ ಎಳ್ಳುಂಡೆ ಕಟ್ಟುತ್ತ ಕೂತಿರುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು. ಅದನ್ನು ಯಾರ ಮುಂದೆ ಹೇಳುವುದು?

ನಮ್ಮ ತವರಿನಲ್ಲಿ ಉಳವಿಗೆ ಹೋಗುವವರಿಗೆ ಅಪ್ಪನ ಕಾಲದಿಂದ ದಾಸೋಹ ನಡೆಯುತ್ತದೆ. ಬಂದವರು ಯಾರೇ ಇರಲಿ, ಮನೆಯ ಯಜಮಾನ ತಾನೇ ಬಗ್ಗಿ ಅವರ ಕಾಲು ತೊಳೆಯಬೇಕು. ಚಿಕ್ಕಂದಿನಲ್ಲಿ ನಾನು ನೀರಿನ ಕೊಡ ಹೊತ್ತು ಅಪ್ಪನ ಹಿಂದೆ ನಡೆಯುತ್ತಿದ್ದೆ. "ಬಂದವ್ರ ಮಾರಿ ನೋಡಬ್ಯಾಡ, ಪಾದ ಅಷ್ಟ ನೋಡು" ಎನ್ನುತ್ತಿದ್ದ ಅಪ್ಪ.

ನನ್ನ ಲೆಕ್ಕಾಚಾರ ಸರಳವಾಗಿತ್ತು. ಪಾದಯಾತ್ರಿಯಾಗಿ ಹೋದರೆ ಅಣ್ಣ ನನ್ನನ್ನು ಅಟ್ಟುವಂತಿಲ್ಲ. ಕಾಲು ಮುಟ್ಟಿದ ಮೇಲೆ ಮಾತಾಡದೆ ಇರಲಾರ. ಒಮ್ಮೆ ಬಾಯಿ ಬಿಟ್ಟರೆ ಅವನ ಸಿಟ್ಟು ಎಷ್ಟು ಹೊತ್ತಿನದೆಂದು ನನಗೆ ಗೊತ್ತಿತ್ತು. ಅವನು ನನ್ನೆದುರು ಬಗ್ಗುವುದನ್ನು ನೋಡಬೇಕೆಂಬ ಆಸೆಯೂ ಇತ್ತು, ಇಲ್ಲ ಎಂದರೆ ಸುಳ್ಳಾದೀತು.

ಹಿರೇಕೆರೂರಿನಿಂದ ಬಂದು ನಮ್ಮನ್ನು ಕೂಡಿಕೊಂಡ ಮುದುಕಿಯೊಬ್ಬಳಿದ್ದಳು. ನಾವೆಲ್ಲ ಆಯಿ ಎನ್ನುತ್ತಿದ್ದೆವು. ಗಂಡ ಹಾಸಿಗೆ ಹಿಡಿದು ವರ್ಷವಾಗಿತ್ತು. ಆತ ಎದ್ದು ಓಡಾಡುವಂತಾಗಲೆಂದು ಬರಿಗಾಲಲ್ಲಿ ಉಳವಿ ಮುಟ್ಟುವ ಹರಕೆ ಹೊತ್ತಿದ್ದಳು. ಬರಿಗಾಲಿನವಳು ಅವಳೊಬ್ಬಳೇ. ಹಾದಿಯ ಮಾತು ಬಂದಾಗ "ನನಗೇನ್ ತಿಳೀತೈತಿ, ನೀವು ಕರಕೊಂಡು ಹೋದ ಕಡೆ ಬರ್ತೇನಿ" ಎಂದಿದ್ದಳು.

ಮೂರನೆಯ ದಿನ ದುಂಡಸಿಯ ಹಾದಿಗೆ ಹೊರಳಿದೆವು. ರಸ್ತೆ ರಿಪೇರಿಗೆಂದು ಡಾಂಬರು ಕಿತ್ತು ಜಲ್ಲಿ ಹರವಿದ್ದರು. ಚಪ್ಪಲಿಯಲ್ಲಿದ್ದ ನಮಗೇ ಚುಚ್ಚುತ್ತಿತ್ತು. ಆಯಿ ಎರಡು ಸಲ ಕೂತಳು. ಮೂರನೆಯ ಸಲ ಕೂತಾಗ ಅವಳ ಹಿಮ್ಮಡಿಯಿಂದ ರಕ್ತ ಸೋರುತ್ತಿತ್ತು. ಮುಖಂಡರು ನನ್ನ ಕಡೆ ನೋಡಿದರು. ನಾನು ಆಚೆ ನೋಡಿದೆ. ನಿಜ ಹೇಳಬೇಕೆಂದರೆ ಆಗ ನನ್ನ ತಲೆಯಲ್ಲಿ ಆಯಿ ಇರಲೇ ಇಲ್ಲ, ಹೊತ್ತು ಮುಳುಗುವುದರೊಳಗೆ ತವರು ಮುಟ್ಟಬೇಕೆಂಬುದೊಂದೇ ಇತ್ತು.

ಮುಟ್ಟಿದೆವು. ನಮ್ಮನ್ನು ಕಟ್ಟೆಯ ಮೇಲೆ ಸಾಲಾಗಿ ಕೂಡ್ರಿಸಿದರು. ಅಣ್ಣ ಹೆಗಲ ಮೇಲೆ ಟವೆಲ್ ಹಾಕಿಕೊಂಡು ತಟ್ಟೆಯಂಥ ಅಗಲ ಪರಾತ ಹಿಡಿದು ಬಂದ. ತಲೆ ಪೂರ್ತಿ ನರೆತಿತ್ತು. ನಾನು ಸೆರಗು ಸರಿಸಿ ಮುಖ ಕಾಣುವಂತೆ ಕೂತೆ. ನನ್ನ ಸರದಿ ಬಂತು. ಪರಾತದಲ್ಲಿ ನನ್ನ ಕಾಲಿಟ್ಟು, ನೀರು ಹಾಕಿ, ಬೆರಳ ಸಂದಿಯ ಧೂಳೆಲ್ಲ ಹೋಗುವಂತೆ ಸಾವಕಾಶವಾಗಿ ತೊಳೆದ. ಒರೆಸಿದ. ವಿಭೂತಿ ಹಚ್ಚಿ ಹಣೆ ಮುಟ್ಟಿಸಿ ನಮಸ್ಕರಿಸಿದ. ತಲೆ ಎತ್ತಲಿಲ್ಲ.

"ಅಣ್ಣಾ" ಎಂದೆ.

ಅವನ ಕೈ ಒಂದು ಕ್ಷಣ ನಿಂತಿತು. ಆಮೇಲೆ ಪರಾತವನ್ನು ಪಕ್ಕದವರ ಮುಂದೆ ಸರಿಸಿದ. ಅಪ್ಪ ಕಲಿಸಿದ್ದನ್ನು ಅವನಷ್ಟು ಚೆನ್ನಾಗಿ ಯಾರೂ ಕಲಿತಿರಲಿಲ್ಲ.

ಆಯಿಯ ಕಾಲು ನೋಡಿದಾಗ ಮಾತ್ರ ಅವನು ಗಾಬರಿಯಾಗಿ ಹೆಂಡತಿಯನ್ನು, ನನ್ನ ವೈನಿಯನ್ನು, ಕೂಗಿದ. ಇಬ್ಬರೂ ಕೂಡಿ ಅವಳನ್ನು ಎತ್ತಿಕೊಂಡು ಒಳಗೆ ಹೋದರು. ಬಿಸಿನೀರು, ಅರಿಶಿನ, ಮೆತ್ತನೆ ಹಾಸಿಗೆ, ಎಲ್ಲ ಆಯಿತು. ನಾನು ಹಂದರದ ಕೆಳಗೆ ಎಲ್ಲರ ಜೊತೆ ಪಂಕ್ತಿಯಲ್ಲಿ ಉಂಡೆ. ವೈನಿ ನನಗೂ ಜೋಳದ ರೊಟ್ಟಿ ಬಡಿಸಿದಳು, ಬೇಕೋ ಬೇಡವೋ ಕೇಳಿದಳು, ಮುಂದಕ್ಕೆ ಹೋದಳು. ನಾನು ಹುಟ್ಟಿದ ಮನೆಯ ಅಡುಗೆಮನೆ ಹತ್ತು ಹೆಜ್ಜೆ ದೂರದಲ್ಲಿತ್ತು. ಬಾ ಎಂದು ಯಾರೂ ಅನ್ನಲಿಲ್ಲ. ಕರೆಯದೆ ಹೋಗಲು ನನ್ನ ಸೊಕ್ಕು ಬಿಡಲಿಲ್ಲ.

ಬೆಳಿಗ್ಗೆ ಆಯಿಗೆ ನೆಲಕ್ಕೆ ಕಾಲೂರಲು ಆಗಲಿಲ್ಲ. ಶಿಗ್ಗಾವಿಯ ಬಸ್ ಹತ್ತಿಸಿ ಊರಿಗೆ ಕಳಿಸುವುದೆಂದು ಮುಖಂಡರು ತೀರ್ಮಾನಿಸಿದರು. ಹೊರಡುವ ಮುಂಚೆ ವೈನಿ ಅವಳನ್ನು ಪಡಸಾಲೆಯಲ್ಲಿ ಮಣೆ ಹಾಕಿ ಕೂಡ್ರಿಸಿ, ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಇಟ್ಟು ಉಡಿ ತುಂಬಿದಳು. ಮನೆಯ ಹೆಣ್ಣುಮಕ್ಕಳನ್ನು ಕಳಿಸುವ ರೀತಿ ಅದು. ಅಣ್ಣ ಪಕ್ಕದಲ್ಲಿ ನಿಂತು "ಇದು ನಿನ್ನ ತವರಮನಿ ಅಂತ ತಿಳಕೊ ಯವ್ವಾ, ಮುಂದಿನ ಪಂಚಮಿಗೆ ಬಾ" ಎಂದ. ನಾನು ಬಾಗಿಲಾಚೆ ಚಪ್ಪಲಿ ಮೆಟ್ಟುತ್ತಿದ್ದೆ. ನನಗೆ ಕೇಳಲೆಂದೇ ಹೇಳಿದನೋ, ನಾನಿರುವುದನ್ನೇ ಮರೆತು ಹೇಳಿದನೋ, ಇವತ್ತಿಗೂ ತಿಳಿಯದು.

ಆಯಿಯನ್ನು ಬಸ್ ನಿಲ್ದಾಣಕ್ಕೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಹರಕೆ ಮುರಿದದ್ದಕ್ಕೆ ಅತ್ತಾಳೆಂದು ನಾನು ಕಾದೆ, ಬೈದರೂ ಬೈಯಲಿ ಎಂದುಕೊಂಡೆ. ಬಸ್ಸಿನ ಕಿಟಕಿಯಿಂದ ಅವಳು ನನ್ನ ಕೈ ಹಿಡಿದುಕೊಂಡಳು.

"ನನ್ನ ತವರಾಗ ಒಬ್ರೂ ಉಳದಿಲ್ಲ ತಂಗಿ. ಇಷ್ಟು ವರ್ಷದ ಮ್ಯಾಲೆ ನನಗೊಂದು ತವರಮನಿ ಸಿಕ್ತು. ಈ ಹಾದಿ ಆರಿಸಿದಾಕಿ ನೀನ ಅಂತಲ್ಲ? ನಿನ್ನ ಹೊಟ್ಟಿ ತಣ್ಣಗಿರ್ಲಿ."