ಲಿಫ್ಟಣ್ಣನ ಬೈಕಿನ ಸದ್ದು

ಲಿಫ್ಟಣ್ಣ ಒಂದು ಕಡೆ ನೆಟ್ಟಗೆ ಕೂತದ್ದನ್ನು ಕಂಡವರಿಲ್ಲ. ಕುರ್ಚಿಯ ತುದಿಗೆ ಕೂರುತ್ತಿದ್ದ, ಕಾಲು ಕುಣಿಸುತ್ತಿದ್ದ, ಟೀ ಬರುವಷ್ಟರಲ್ಲಿ ಎದ್ದುಹೋಗಿ ಆ ಮನೆಯವರ ಕಿಟಕಿಯ ಸಡಿಲ ಕೀಲನ್ನು ಬಿಗಿ ಮಾಡುತ್ತಿರುತ್ತಿದ್ದ. ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಸ್ಕ್ರೂಡ್ರೈವರ್. ಅವನ ಮದುವೆಯ ಫೋಟೊದಲ್ಲಿ ಮಿಕ್ಕವರೆಲ್ಲ ಕಣ್ಣು ಮೂಗು ಸಮೇತ ಇದ್ದರೆ, ಮದುಮಗನ ಜಾಗದಲ್ಲಿ ಬರೀ ಒಂದು ಮಸುಕು ಇದೆ. "ನಾನು ಯಾರನ್ನ ಮದುವೆಯಾದೆ ಅನ್ನೋದಕ್ಕೆ ಸಾಕ್ಷೀನೇ ಇಲ್ಲ" ಎಂದು ಅವನ ಹೆಂಡತಿ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು.

ಮೂವತ್ತನಾಲ್ಕು ವರ್ಷ ಅವನು ಲಿಫ್ಟ್ ರಿಪೇರಿ ಮಾಡಿದ. ಬೀದಿಯವರು ಇಟ್ಟ ಹೆಸರು ಹಾಗೆ ಬಂದದ್ದು, ಹುಟ್ಟಿದ ಹೆಸರು ಅವನಿಗೇ ಮರೆತಂತಿತ್ತು. ನೆಲಮಹಡಿಯಲ್ಲಿ ಬಾಗಿಲಿಗೆ ಕಿವಿ ಹಚ್ಚಿ ನಿಂತರೆ ಸಾಕು, ಆರು ಮಹಡಿ ಮೇಲಿನ ಯಾವ ರಾಟೆಯ ಎಣ್ಣೆ ಆರಿದೆ ಎಂದು ಹೇಳಿಬಿಡುತ್ತಿದ್ದ. ಜೊತೆಗಾರರು ಪಂದ್ಯ ಕಟ್ಟಿ ಸೋತು, ಆಮೇಲೆ ಕಟ್ಟುವುದನ್ನೇ ಬಿಟ್ಟಿದ್ದರು.

ಗ್ರಂಥಪಾಲಕ ಅವನಿಗೆ ಗಂಟುಬಿದ್ದದ್ದೂ ಲಿಫ್ಟಿನಿಂದಲೇ. ಇಪ್ಪತ್ತೆಂಟು ವರ್ಷದ ಹಿಂದೆ ಒಂದು ತಳ್ಳುಗಾಡಿ ತುಂಬ ಪುಸ್ತಕದ ಜೊತೆ ಗ್ರಂಥಪಾಲಕ ಗ್ರಂಥಾಲಯದ ಲಿಫ್ಟಿನಲ್ಲಿ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿದ್ದ. ಮೇಲಿನಿಂದ ಒಂದು ದನಿ, ಒಳಗೆ ಓದೋದಕ್ಕೆ ಏನಾದರೂ ಇದೆಯಾ ಎಂದು ಕೇಳಿತು. ಇನ್ನೂರು ಪುಸ್ತಕ ಇದೆ ಎಂದು ಇವನು ಕೂಗಿದ. "ಹಾಗಾದ್ರೆ ಅವಸರ ಇಲ್ಲ, ನಾನು ಊಟ ಮುಗಿಸಿ ಬರ್ತೀನಿ" ಎಂದಿತು ದನಿ. ಅಂದಿನಿಂದ ಗ್ರಂಥಪಾಲಕ ಲಿಫ್ಟಣ್ಣನ ಬಾಯಲ್ಲಿ 'ಹುಳ'. ಪುಸ್ತಕದ ಹುಳ. ಲಿಫ್ಟಣ್ಣನ ಹೆಂಡತಿ ಇವನಿಗೆ ಅತ್ತಿಗೆಯಾದರು. ಒಂಟಿಯಾಗಿದ್ದ ಇವನ ಸಂಜೆಗಳೆಲ್ಲ ಆ ಮನೆಯ ಪಾಲಾದವು.

ನಿವೃತ್ತಿಯಾದ ಮೊದಲ ತಿಂಗಳು ಲಿಫ್ಟಣ್ಣ ಮನೆಯ ಎಲ್ಲ ನಲ್ಲಿಗಳನ್ನು ಬಿಚ್ಚಿ ಕೂರಿಸಿದ. ಎರಡನೇ ತಿಂಗಳು ಪಕ್ಕದವರ ನಲ್ಲಿಗಳು. ಮೂರನೇ ತಿಂಗಳು ಗುಜರಿ ಅಂಗಡಿಯಿಂದ ಒಂದು ಹಳೇ ಮೋಟಾರ್ ಸೈಕಲ್ಲನ್ನು ತಳ್ಳಿಕೊಂಡು ಬಂದ. ತಳ್ಳಿಕೊಂಡು ಎಂದರೆ ಅರ್ಧ ಭಾಗವನ್ನು, ಉಳಿದರ್ಧ ಗೋಣಿಚೀಲದಲ್ಲಿತ್ತು. ಅದು ಅವನು ಹುಟ್ಟುವ ಮೊದಲು ತಯಾರಾದ ಗಾಡಿ. ಟ್ಯಾಂಕಿನಲ್ಲಿ ಇರುವೆ ಗೂಡು, ಸೈಲೆನ್ಸರಿನಲ್ಲಿ ಬೆರಳು ಹೋಗುವಷ್ಟು ತೂತು. ಅತ್ತಿಗೆ ಹೊಸ್ತಿಲಲ್ಲಿ ನಿಂತು ನೋಡಿ, ಇದಕ್ಕಿಂತ ನೀವೇ ಗಟ್ಟಿಯಾಗಿದ್ದೀರಿ ಎಂದರು.

ಹಿಂದಿನ ಕೋಣೆ ಗಾಡಿಗೆ ಸೇರಿತು. ಅದಕ್ಕೆ ಓಣಿಯ ಕಡೆ ತೆರೆಯುವ ಎರಡು ಪಾಲಿನ ಬಾಗಿಲಿತ್ತು, ಇನ್ನೊಂದು ಪಕ್ಕ ಅಡುಗೆಮನೆಯ ಗೋಡೆ. ನೆಲದ ಮೇಲೆ ಹಳೇ ಪತ್ರಿಕೆ ಹಾಸಿ ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಇಡುತ್ತಿದ್ದ. ಕಸ ಗುಡಿಸುವವರು ಆ ಸಾಲುಗಳ ನಡುವೆ ಕೊಕ್ಕರೆಯ ಹಾಗೆ ಕಾಲಿಡಬೇಕಿತ್ತು. ಒಂದು ಸಂಜೆ ಗ್ರಂಥಪಾಲಕ ಬಂದಾಗ ಒಲೆಯ ಮೇಲೆ ಮನೆಯ ದೊಡ್ಡ ಪಾತ್ರೆ ಕುದಿಯುತ್ತಿತ್ತು. ಏನು ಬೇಯ್ತಿದೆ ಅತ್ತಿಗೆ ಎಂದರೆ, "ಮೂಳೆ. ಇವರ ಗಾಡೀದು" ಎಂದರು. ಬಿಸಿಗೆ ಎಂಜಿನ್ನಿನ ಕವಚ ಕೂದಲೆಳೆಯಷ್ಟು ಹಿಗ್ಗುತ್ತದೆ, ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿಟ್ಟ ಬೇರಿಂಗು ಅಷ್ಟೇ ಕುಗ್ಗುತ್ತದೆ. ಆಗ ಸುತ್ತಿಗೆ ಬೇಡ, ಒಂದರೊಳಗೊಂದು ತಾನಾಗಿ ಇಳಿಯುತ್ತದೆ. ಟಕ್ ಎಂದು ಅದು ಕೂತ ಕ್ಷಣ ಲಿಫ್ಟಣ್ಣ ಇಬ್ಬರ ಮುಖವನ್ನೂ ನೋಡಿದ, ತಾನೇ ಹೆತ್ತವನ ಹಾಗೆ.

ಗಾಡಿ ಮೊದಲಿದ್ದ ಹಾಗೇ ಇರಲಿ ಎಂಬ ಹಟ ಅವನಿಗಿರಲಿಲ್ಲ. ಅತ್ತಿಗೆಯ ಎಡ ಮಂಡಿ ಪೂರ್ತಿ ಮಡಚುತ್ತಿರಲಿಲ್ಲ. ಅವರನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ಮಂಡಿಯ ಎತ್ತರಕ್ಕೊಂದು ಸೊಂಟದ ಎತ್ತರಕ್ಕೊಂದು ಸೀಮೆಸುಣ್ಣದ ಗೀಟು ಎಳೆದ. ನಾನು ಅದರ ಮೇಲೆ ಹತ್ತೋದಿಲ್ಲ ಎಂದು ಅವರು ಹೇಳುತ್ತಲೇ ಇದ್ದರು, ಅಲ್ಲಾಡದೆ ನಿಂತೂ ಇದ್ದರು. ಸೀಟನ್ನು ನಾಲ್ಕು ಬೆರಳು ಇಳಿಸಿದ, ಬೆನ್ನಿಗೆ ಒರಗು ಕೊಟ್ಟ, ಕಾಲಿಡಲು ಅಗಲವಾದ ಮೆಟ್ಟಿಲು ಬೆಸೆದ. ಅವನು ಕೆಲಸಕ್ಕಿದ್ದಾಗ ಕಳಚಿಹಾಕಿದ್ದ ಹಳೇ ಲಿಫ್ಟೊಂದರ ಹಿತ್ತಾಳೆ ಗುಂಡಿ ಹಾರ್ನ್ ಆಯಿತು. ಅದೇ ಲಿಫ್ಟಿನ 'ಆರು ಜನ ಮಾತ್ರ' ಎಂಬ ಫಲಕ ಹಿಂದಿನ ಮಡ್‌ಗಾರ್ಡಿನ ಮೇಲೆ ಕೂತಿತು. ಇರೋದೇ ಇಬ್ಬರು ಎಂದರು ಅತ್ತಿಗೆ. ಹುಳನೂ ಇದ್ದಾನಲ್ಲ ಎಂದ ಲಿಫ್ಟಣ್ಣ.

ಎರಡನೇ ವರ್ಷದಲ್ಲಿ ಒಂದು ಮಧ್ಯಾಹ್ನ ಚಕ್ರ ಎತ್ತುವಾಗ ಅವನಿಗೆ ಕಣ್ಣು ಕತ್ತಲೆ ಬಂತು. ಡಾಕ್ಟರು ಚಿತ್ರ ತೆಗೆಸಿ ತೋರಿಸಿದರು: ಎದೆಯೊಳಗಿನ ದೊಡ್ಡ ರಕ್ತನಾಳ ಒಂದು ಕಡೆ ಉಬ್ಬಿತ್ತು. ಎರಡು ತಿಂಗಳೊಳಗೆ ಆಪರೇಷನ್ ಆಗಲೇಬೇಕು. ಅದರಲ್ಲಿ ಅಪಾಯ ಇದೆ, ಮಾಡಿಸದಿದ್ದರೆ ಇನ್ನೂ ಹೆಚ್ಚು. "ಉಬ್ಬಿದ ಟೈರಲ್ಲಿ ಎಷ್ಟು ದೂರ ಹೋಗಬಹುದು ಅಂತ ನನಗೆ ಗೊತ್ತಿಲ್ವಾ" ಎಂದು ಲಿಫ್ಟಣ್ಣ ನಗುತ್ತಲೇ ಒಪ್ಪಿದ. ಗಾಡಿ ಮುಗಿಯುವುದಕ್ಕೆ ಇನ್ನು ಹದಿನೈದು ದಿನ. ಅತ್ತಿಗೆಯನ್ನು ಒಂದು ಸುತ್ತು ಕರೆದುಕೊಂಡು ಹೋಗಿ, ನೆಟ್ಟಗೆ ಆಸ್ಪತ್ರೆಗೆ.

ಹದಿನೈದನೇ ದಿನಕ್ಕೆ ಎಂಜಿನ್ ಎದ್ದಿತು. ಹೊಗೆ ಹೋಗಲೆಂದು ಸೈಲೆನ್ಸರಿಗೆ ಉದ್ದ ಕೊಳವೆ ಸಿಕ್ಕಿಸಿ ಬಾಗಿಲಾಚೆ ಬಿಟ್ಟಿದ್ದ. ಮೂವರೂ ನಿಂತು ಕೇಳಿದರು. ಗುಡುಗುಡು ಎಂಬ ದಪ್ಪ ದನಿಯ ಕೆಳಗೆ ಸಣ್ಣಗೆ ಇನ್ನೊಂದು ಸದ್ದಿತ್ತು. ಚಿಣಿಚಿಣಿಚಿಣಿ. ಲಿಫ್ಟಣ್ಣ ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು ಬಹಳ ಹೊತ್ತು ಬಗ್ಗಿದ್ದ. ಒಳಗೇನೋ ಸಡಿಲ ಇದೆ, ಈ ಸದ್ದು ಇಟ್ಕೊಂಡು ಇವಳನ್ನ ಕೂರಿಸಿಕೊಂಡು ಹೋಗೋದಿಲ್ಲ ಎಂದ. ಮಾರನೇ ದಿನ ಎಂಜಿನ್ ಮತ್ತೆ ಪತ್ರಿಕೆಯ ಮೇಲೆ ಸಾಲಾಗಿ ಮಲಗಿತು.

ಕೂಡಿಸಿದ, ಸದ್ದು ಇತ್ತು. ಬಿಚ್ಚಿದ. ವಾಲ್ವುಗಳಿಗೆ ಉಜ್ಜಿ ನುಣುಪು ಮಾಡುವ ಮುಲಾಮು ಹಚ್ಚಿ, ಚಳಿಗೆ ಕೈ ಉಜ್ಜಿಕೊಳ್ಳುವವನ ಹಾಗೆ ಅಂಗೈಗಳ ನಡುವೆ ತಿರುಗಿಸಿ ತಿರುಗಿಸಿ ಕೂರಿಸಿದ. ಕೂಡಿಸಿದ, ಸದ್ದು ಇತ್ತು. ಮೂರನೇ ಸಲವೂ ಬಿಚ್ಚಿದ. ಎರಡು ತಿಂಗಳು ಕಳೆದು ಮೂರಾಯಿತು. ಗಾಡಿಯನ್ನು ಓಣಿಗೆ ಇಳಿಸಿ ಬಯಲಲ್ಲಿ ಕೇಳಿ ನೋಡು ಎಂದು ಗ್ರಂಥಪಾಲಕ ಹೇಳಿದರೆ, ಅಕ್ಕಪಕ್ಕದವರಿಗೆ ತೊಂದರೆ ಎನ್ನುತ್ತಿದ್ದ. ಅಕ್ಕಪಕ್ಕದವರ ನಲ್ಲಿಗಳನ್ನು ಕೇಳದೆ ಬಿಚ್ಚಿದ ಮನುಷ್ಯ.

ಒಂದು ಸಂಜೆ ಎಂಜಿನ್ ಓಡುತ್ತಿರುವಾಗಲೇ ಗ್ರಂಥಪಾಲಕ ನೀರು ಕುಡಿಯಲು ಅಡುಗೆಮನೆಗೆ ಹೋದ. ಲೋಟ ತೆಗೆಯಲು ತಟ್ಟೆಗಳ ಗೂಡಿಗೆ ಕೈಯಿಟ್ಟ. ಚಿಣಿಚಿಣಿ ನಿಂತಿತು. ಕೈ ತೆಗೆದ, ಬಂತು. ಮತ್ತೆ ಇಟ್ಟ, ನಿಂತಿತು. ಗೂಡನ್ನು ಮೊಳೆ ಹೊಡೆದು ಕೂರಿಸಿದ್ದು ಗಾಡಿಯಿದ್ದ ಕೋಣೆಯ ಗೋಡೆಗೇ. ಅದರಲ್ಲಿ ಒಂಬತ್ತು ಸ್ಟೀಲ್ ತಟ್ಟೆಗಳು ಒಂದಕ್ಕೊಂದು ತಾಗಿ ನಿಂತು, ಎಂಜಿನ್ನಿನ ನಡುಕಕ್ಕೆ ತಾಳ ಹಾಕುತ್ತಿದ್ದವು. ಗಾಡಿಯಲ್ಲಿ ದೋಷವೇ ಇರಲಿಲ್ಲ.

ಆಗಲೇ ಹೇಳಿದ್ದರೆ ಮುಗಿಯುತ್ತಿತ್ತು. ಅವನು ನೀರು ಕುಡಿದು ಬಂದು ಸುಮ್ಮನೆ ನಿಂತ. ಆರು ಮಹಡಿ ಮೇಲಿನ ರಾಟೆಯನ್ನು ಕೇಳುತ್ತಿದ್ದ ಕಿವಿ ಇಂದು ಗೋಡೆಯಾಚೆಯ ತಟ್ಟೆಯನ್ನು ಎಂಜಿನ್ ಎಂದುಕೊಂಡಿದೆ. ಇದನ್ನು ಯಾವ ಬಾಯಲ್ಲಿ ಹೇಳುವುದು? ಆಪರೇಷನ್ನಿಗಿಂತ ಈ ಮಾತೇ ಅವನನ್ನು ಕೊಂದೀತು ಎನಿಸಿತು. ಹಾಗೆ ಎಂಟು ಹತ್ತು ದಿನ ಹೋದವು. ಗ್ರಂಥಾಲಯದಲ್ಲಿ ಗ್ರಂಥಪಾಲಕ ಚೀಟಿಗಳನ್ನು ತಪ್ಪು ಖಾನೆಗೆ ಹಾಕಿದ, ಓದಿದ ಪುಟವನ್ನೇ ಓದಿದ, ಕಪಾಟುಗಳ ನಡುವೆ ಕೆಲಸವಿಲ್ಲದೆ ಓಡಾಡಿದ.

ಆಗ ಅತ್ತಿಗೆ ಗ್ರಂಥಾಲಯಕ್ಕೆ ಬಂದರು. ಇಷ್ಟು ವರ್ಷದಲ್ಲಿ ಅವರು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಕೂರಲಿಲ್ಲ. ಆಸ್ಪತ್ರೆಯಿಂದ ಮತ್ತೆ ಫೋನ್ ಬಂದಿದೆ, ಇನ್ನು ಕಾಯಬೇಡಿ ಅಂತಿದ್ದಾರೆ ಎಂದರು. ಆಮೇಲೆ ಮೇಜಿನ ಮೇಲಿದ್ದ ಪುಸ್ತಕವೊಂದನ್ನು ಸರಿಯಾಗಿ ಜೋಡಿಸುತ್ತ, "ನಾನು ಹೇಳಿದ್ರೆ ಜಗಳ ಆಗುತ್ತೆ. ನೀವು ಹೇಳಿದ್ರೆ ಕೇಳ್ತಾರೆ. ಏನು ಹೇಳ್ಬೇಕೋ ಅದನ್ನ ಹೇಳಿಬಿಡಿ" ಎಂದರು.

ಅಂದು ಸಂಜೆ ಎಂಜಿನ್ ಓಡುತ್ತಿತ್ತು. ಲಿಫ್ಟಣ್ಣ ನಾಲ್ಕನೇ ಸಲ ಬಿಚ್ಚುವುದಕ್ಕೆ ಸ್ಪ್ಯಾನರುಗಳನ್ನು ಸಾಲಾಗಿ ಇಟ್ಟಿದ್ದ. ಗ್ರಂಥಪಾಲಕ ಅಡುಗೆಮನೆಗೆ ಹೋಗಿ ಎರಡೂ ಕೈಗಳಿಂದ ತಟ್ಟೆಗಳನ್ನು ಅಮುಕಿ ಹಿಡಿದ. ಗುಡುಗುಡು ಒಂದೇ ಉಳಿಯಿತು, ಶುದ್ಧವಾಗಿ, ಒಂದು ಕಲೆಯೂ ಇಲ್ಲದೆ. ನಡುವಿನ ಬಾಗಿಲಿನಿಂದ ಲಿಫ್ಟಣ್ಣ ತಲೆಯೆತ್ತಿ ನೋಡಿದ. ಎಂಜಿನ್ ಆರಿಸಿದ.

"ಯಾವಾಗಿಂದ ಗೊತ್ತು?"

"ಒಂದು ವಾರದ ಮೇಲಾಯ್ತು."

"ನನಗೆ ಮೊದಲನೇ ದಿನದಿಂದ" ಎಂದ ಲಿಫ್ಟಣ್ಣ. "ನನ್ನ ಕಿವಿ ಕೆಟ್ಟಿದೆ ಅಂದ್ಕೊಂಡ್ಯಾ, ಹುಳ?"

ಅವನು ನಗಲು ನೋಡಿದ, ಆಗಲಿಲ್ಲ. ನೆಲದ ಮೇಲೆ ಕೂತ. ಕಾಲು ಕುಣಿಯದೆ ಅವನು ಕೂತದ್ದನ್ನು ಗ್ರಂಥಪಾಲಕ ನೋಡಿದ್ದು ಅದೊಂದೇ ಸಲ.

"ಮೂವತ್ತನಾಲ್ಕು ವರ್ಷ ಹಗ್ಗದ ತುದಿಯಲ್ಲಿ ನಿಂತು ಕೆಲಸ ಮಾಡಿದೀನಿ. ಕೆಳಗೆ ಬರೀ ಕತ್ತಲೆ. ಒಂದಿನಾನೂ ಹೆದರಲಿಲ್ಲ, ಯಾಕಂದ್ರೆ ಬ್ರೇಕು ನನ್ನ ಕೈಯಲ್ಲಿತ್ತು. ಅಲ್ಲಿ ಮಲಗಿಸಿ ನಿದ್ದೆ ಬರಿಸಿಬಿಟ್ರೆ ಬ್ರೇಕು ಯಾರ ಕೈಲಿ, ನೀನೇ ಹೇಳು."

ಗ್ರಂಥಪಾಲಕ ಹೋಗಿ ಪಕ್ಕದಲ್ಲಿ ಕೂತ, ಅಷ್ಟೇ. ಸ್ವಲ್ಪ ಹೊತ್ತಿಗೆ ಲಿಫ್ಟಣ್ಣ ಎದ್ದು ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕಿದ.

ಮರುದಿನ ಬೆಳಿಗ್ಗೆ ಗಾಡಿ ಓಣಿಗೆ ಇಳಿಯಿತು. ಹತ್ತೋದಿಲ್ಲ ಎಂದವರು ಒಂದೇ ಸಲಕ್ಕೆ ಮೆಟ್ಟಿಲೇರಿ ಕೂತರು. ಸೀಟು ಅವರ ಮಂಡಿಗೆ ಅಳೆದ ಹಾಗೆ ಒದಗಿತು, ಅಳೆದೇ ಮಾಡಿದ್ದಲ್ಲವೇ. ಅಕ್ಕಪಕ್ಕದವರೆಲ್ಲ ಹೊರಗೆ ಬಂದು ನಿಂತರು, ಯಾರಿಗೂ ತೊಂದರೆಯಾದಂತೆ ಕಾಣಲಿಲ್ಲ. ಒಂದು ಸುತ್ತು ಎಂದು ಹೋದವರು ನಾಲ್ಕು ಸುತ್ತು ಬಂದರು. ಪ್ರತಿ ಸಲ ಬಾಗಿಲ ಮುಂದೆ ಬಂದಾಗಲೂ ನಿಲ್ಲುತ್ತಾನೆ ಎಂದು ಗ್ರಂಥಪಾಲಕ ಒಂದು ಹೆಜ್ಜೆ ಮುಂದಿಡುತ್ತಿದ್ದ, ಅವನು ಹಿತ್ತಾಳೆ ಗುಂಡಿ ಒತ್ತಿ ಮುಂದಕ್ಕೆ ಹೋಗಿಬಿಡುತ್ತಿದ್ದ. ಐದನೇ ಸುತ್ತು ಹುಳನದು.

ವಾರದ ಕೊನೆಗೆ ಅವನನ್ನು ಆಸ್ಪತ್ರೆಗೆ ಸೇರಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಎರಡನೇ ದಿನ ಎಚ್ಚರವಾಗಿ, ಹಾಸಿಗೆಯ ಚಕ್ರವೊಂದು ಕಿರುಗುಟ್ಟುತ್ತದೆ, ಎಣ್ಣೆ ತರಿಸಿ ಎಂದು ನರ್ಸಿಗೆ ಹೇಳಿದನಂತೆ. ನಾಲ್ಕನೇ ದಿನ ನಸುಕಿನಲ್ಲಿ ಹೋಗಿಬಿಟ್ಟ.

ಆಮೇಲೆ ಗ್ರಂಥಪಾಲಕನಿಗೆ ಒಂದು ಕಡೆ ಕೂರಲಾಗಲಿಲ್ಲ. ತಾನು ಆ ತಟ್ಟೆಗಳನ್ನು ಹಿಡಿಯದಿದ್ದರೆ ಲಿಫ್ಟಣ್ಣ ಇವತ್ತೂ ಬಿಚ್ಚುತ್ತ ಕೂಡಿಸುತ್ತ ಇರುತ್ತಿದ್ದನೇನೋ. ಆಪರೇಷನ್ ಮಾಡಿಸದಿದ್ದರೂ ಆ ಉಬ್ಬು ಅವನನ್ನು ಹೆಚ್ಚು ದಿನ ಬಿಡುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದು ಗೊತ್ತಿತ್ತು, ಆದರೂ ಕೈಗಳು ಕೇಳುತ್ತಿರಲಿಲ್ಲ; ಸ್ಟೀಲಿನ ತಣ್ಣನೆಯ ಅಂಚು ಅಂಗೈಯಲ್ಲೇ ಉಳಿದಿತ್ತು. ಸಂಜೆ ಆ ಬೀದಿಯ ತುದಿಯವರೆಗೆ ಹೋಗಿ ತಿರುಗಿ ಬರುತ್ತಿದ್ದ. ಹೀಗೆ ಮೂರು ವಾರ. ಕೊನೆಗೆ ಅತ್ತಿಗೆಯೇ ಹೇಳಿ ಕಳಿಸಿದರು, ಸಾಮಾನಿನ ಪೆಟ್ಟಿಗೆಯ ಮುಚ್ಚಳ ಬಿಗಿದುಕೊಂಡಿದೆ, ತೆಗೆದುಕೊಡಬೇಕಂತೆ.

ಮುಚ್ಚಳ ಸುಲಭವಾಗಿಯೇ ತೆರೆಯಿತು. ಮೇಲಿನ ಖಾನೆಯಲ್ಲಿ ಸ್ಪ್ಯಾನರುಗಳು. ಕೆಳಗಿನ ಅಂಕಣದಲ್ಲಿ, ಎಣ್ಣೆ ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ, ಪತ್ರಿಕೆಯ ಚೂರುಗಳು. ಎಲ್ಲವೂ ಅಚ್ಚುಕಟ್ಟಾಗಿ ನಾಲ್ಕು ಮಡಿಕೆ ಮಾಡಿದಂಥವು. ಒಂದು ಹಿಡಿಗಿಂತ ಜಾಸ್ತಿಯೇ ಇದ್ದವು.

"ಇವು ನನ್ನವು" ಎಂದರು ಅತ್ತಿಗೆ.

ಗ್ರಂಥಪಾಲಕನಿಗೆ ತಿಳಿಯಲಿಲ್ಲ. ಅವರು ಅಡುಗೆಮನೆಯ ಕಡೆ ಕೈ ತೋರಿಸಿದರು. ಎರಡನೇ ಸಲ ಎಂಜಿನ್ ಓಡಿದಾಗಲೇ ತನಗೂ ಗೊತ್ತಾಯಿತು ಎಂದರು. ಪಾತ್ರೆ ತೊಳೆದು ಜೋಡಿಸುವವರಿಗೆ ಆ ಸದ್ದು ಗೊತ್ತಾಗದೆ ಇರುತ್ತದೆಯೇ? ಎಂಜಿನ್ ಕೂಡಿಸಿದ ದಿನಗಳಲ್ಲೆಲ್ಲ ತಟ್ಟೆಗಳ ನಡುವೆ ಮಡಿಚಿದ ಕಾಗದ ಸಿಕ್ಕಿಸುತ್ತಿದ್ದರು, ಸದ್ದು ನಿಂತರೆ ಆಸ್ಪತ್ರೆಗೆ ಹೊರಡುತ್ತಾನೆ ಎಂದು. ಎಂಜಿನ್ ಓಡಿಸುವ ಹೊತ್ತಿಗೆ ಕಾಗದ ಇರುತ್ತಿರಲಿಲ್ಲ. ಮುಂದಿನ ಸಲ ಇನ್ನೊಂದು. ಗಂಡ ಹೆಂಡತಿ ಆ ಬಗ್ಗೆ ಒಂದು ಮಾತೂ ಆಡಲಿಲ್ಲ.

ಆ ಗೂಡನ್ನೇ ತೆಗೆದು ಬೇರೆ ಗೋಡೆಗೆ ಹೊಡೆಸಬಹುದಿತ್ತಲ್ಲ ಅತ್ತಿಗೆ ಎಂದು ಕೇಳಿದ.

"ಹೊಡೆಸಿದ್ರೆ ಯಾಕೆ ಅಂತ ಕೇಳೋರು. ಕೇಳಿದ್ರೆ ಇಬ್ರೂ ಮಾತಾಡ್ಬೇಕಾಗ್ತಿತ್ತು. ಕಾಗದಕ್ಕೆ ಮಾತು ಬೇಕಾಗಿರಲಿಲ್ಲ." ಅವರು ಒಂದು ಚೂರನ್ನು ಬಿಡಿಸಿ, ಮತ್ತೆ ಅದೇ ಮಡಿಕೆಗೆ ಮಡಿಚಿದರು. "ಒಂದನ್ನೂ ಬಿಸಾಡಿಲ್ಲ ನೋಡಿ, ಇವರು."

"ನಾನು ಹೇಳಬಾರದಿತ್ತು."

"ಹೇಳಿ ಅಂತ ಕಳಿಸಿದ್ದು ಯಾರು? ನಿಮ್ಮೊಬ್ಬರದೇ ಅಂತ ಹೊತ್ಕೊಂಡು ಬೀದಿ ತುದೀಲಿ ತಿರುಗ್ತಿದ್ದೀರಲ್ಲ, ನನಗೆ ಕಿಟಕಿಯಿಂದ ಕಾಣಲ್ವಾ?"

ಆಮೇಲೆ ಗಾಡಿಯ ಕಡೆ ತಿರುಗಿ, ಅದನ್ನೊಂದು ಸಲ ಶುರು ಮಾಡಿ ಎಂದರು. ಅವನಿಗೆ ಅಭ್ಯಾಸವಿಲ್ಲ. ಕೊಳವೆ ಸಿಕ್ಕಿಸಿ, ಬಾಗಿಲು ತೆರೆದಿಟ್ಟು, ಕಿಕ್ಕರ್ ಒದ್ದ. ಎರಡು ಸಲ ಕಾಲು ಜಾರಿತು. ನಾಲ್ಕನೇ ಒದೆತಕ್ಕೆ ಎಂಜಿನ್ ಎದ್ದಿತು. ಗೋಡೆಯಾಚೆ ತಟ್ಟೆಗಳು ಚಿಣಿಚಿಣಿ ಎಂದವು.

ಅತ್ತಿಗೆ ಕಾಗದದ ಮಡಿಕೆ ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ಗೂಡಿನ ಮುಂದೆ ನಿಂತರು. ತಟ್ಟೆಗಳ ನಡುವೆ ಸಿಕ್ಕಿಸುತ್ತಾರೆ ಎಂದು ಗ್ರಂಥಪಾಲಕ ಅಂದುಕೊಂಡ. ಅವರು ಕೇಳುತ್ತ ನಿಂತರು, ಆಮೇಲೆ ಮಡಿಕೆಯನ್ನು ತಂದು ಪೆಟ್ಟಿಗೆಯಲ್ಲಿ ಮಿಕ್ಕವುಗಳ ಜೊತೆ ಇಟ್ಟರು. ಅವನ ಕೈ ಎಂಜಿನ್ ಆರಿಸಲು ಹೋಗಿತ್ತು. ಬೇಡ, ಓಡಲಿ ಎಂದು ತಲೆಯಾಡಿಸಿದರು.