ಸವತಿಯ ಒಡವೆ

ನನಗೂ ಒಬ್ಬಳು ಸವತಿ ಇದ್ದಳು ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ಯಜಮಾನರನ್ನು ನೋಡಿದವರಂತೂ ಖಂಡಿತ ನಂಬುವುದಿಲ್ಲ. ಹಣೆಗೆ ವಿಭೂತಿ ಇಟ್ಟುಕೊಂಡು, ಊಟದ ಡಬ್ಬಿ ಹಿಡಿದು, ತಲೆ ತಗ್ಗಿಸಿ ಕಾರ್ಖಾನೆಗೆ ಹೋಗಿ, ತಲೆ ತಗ್ಗಿಸಿಯೇ ಮನೆಗೆ ಬರುವ ಮನುಷ್ಯ ಅವರು. ಆದರೂ ಇದ್ದಳು. ಮೈಬಣ್ಣ ಕಪ್ಪು, ದನಿ ಗಡಸು, ತೂಕ ನನ್ನ ಮೂರರಷ್ಟು. ಈ ಎಪ್ಪತ್ತರ ದಶಕ ಶುರುವಾದ ಹೊಸತರಲ್ಲಿ, ಹಣ ಕಟ್ಟಿ ಕಾದು ಕಾದು ಆಸೆ ಬಿಟ್ಟ ಮೇಲೆ, ಯುಗಾದಿ ಕಳೆದ ಒಂದು ಶುಕ್ರವಾರ ರಾಜಾಜಿನಗರದ ನಮ್ಮ ಬಾಡಿಗೆ ಮನೆಯ ಮುಂದೆ ಬಂದು ನಿಂತಳು. ಜನ ಅವಳನ್ನು ಬುಲೆಟ್ ಎಂದು ಕರೆಯುತ್ತಿದ್ದರು.

ಸವತಿ ಮಣ್ಣಿನ ಗೊಂಬೆಯಾದರೂ ಸಹಿಸಲಾಗದು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಕಬ್ಬಿಣದವಳ ವಿಷಯ ಅವರಿಗೆ ಗೊತ್ತಿರಲಿಲ್ಲ, ಪುಣ್ಯವಂತೆ. ಅತ್ತೆ ಆರತಿ ತಟ್ಟೆ ತಂದರು, ಚಕ್ರದಡಿಗೆ ನಿಂಬೆಹಣ್ಣು ಇಟ್ಟರು, ಎರಡೂ ಕೈಯಿಂದ ನಿವಾಳಿಸಿ ಲಟಿಕೆ ಮುರಿದರು. ನಾನು ಸೇರು ಒದ್ದು ಈ ಮನೆಯೊಳಗೆ ಬಂದ ದಿನ ತಟ್ಟೆಯಲ್ಲಿ ಎರಡು ಬತ್ತಿ ಇದ್ದವು, ಇವಳಿಗೆ ಐದು. ಎಣಿಸಿದೆ. ಹೊಟ್ಟೆಕಿಚ್ಚಿನವರಿಗೆ ಎಣಿಕೆ ಚೆನ್ನಾಗಿ ಬರುತ್ತದೆ.

ಆದರೆ ಅವತ್ತು ನಿಜವಾಗಿ ನನ್ನ ಕಣ್ಣು ಹುಡುಕಿದ್ದು ಬೇರೆಯೇ. ಇವರು ಕೂರುವ ಜಾಗದಲ್ಲಿ ಸ್ಪ್ರಿಂಗಿನ ಸೀಟಿತ್ತು. ಅದರ ಹಿಂದೆ, ನಾನು ಕೂರಬೇಕಾದ ಜಾಗದಲ್ಲಿ, ಕಬ್ಬಿಣದ ಕ್ಯಾರಿಯರ್ ಬಿಟ್ಟರೆ ಏನೂ ಇರಲಿಲ್ಲ. ನನ್ನ ಮುಖ ನೋಡಿ ಇವರು ಮೆಲ್ಲಗೆ, “ಹಿಂದಿನ ಸೀಟು, ಹೆಂಗಸರು ಕಾಲಿಡೋ ಹಲಗೆ, ಸೀರೆ ಸಿಕ್ಕದ ಹಾಗೆ ಜಾಲರಿ, ಎಲ್ಲ ನಾವೇ ಹಾಕಿಸ್ಕೋಬೇಕು ಕಣೇ. ಮೊದಲನೇ ಕೆಲಸ ಅದೇ,” ಎಂದರು.

ಮೊದಲನೇ ಕೆಲಸ ಎಂದ ಮೇಲೆ ಇನ್ನೇನು, ಆ ಮಧ್ಯಾಹ್ನವೇ ಕೆಂಗೇರಿಯಲ್ಲಿದ್ದ ಅಕ್ಕನಿಗೆ ಕಾಗದ ಬರೆದುಬಿಟ್ಟೆ: ಈ ಸಲ ಗೌರಿ ಹಬ್ಬದ ಬಾಗಿನಕ್ಕೆ ನಾವು ಬುಲೆಟ್ಟಿನಲ್ಲಿ ಬರುತ್ತೇವೆ. ಭಾವನವರಿಗೆ ಸ್ಕೂಟರ್ ಬಂದು ಎರಡು ವರ್ಷವಾಗಿತ್ತು. ಅಂದಿನಿಂದ ಅಕ್ಕ ಸಿಕ್ಕಾಗಲೆಲ್ಲ, “ಮೈಸೂರು ರಸ್ತೆ ಗಾಳಿ ಮುಖಕ್ಕೆ ಹೊಡೀತಾ ಇದ್ರೆ ಏನು ಚೆಂದ ಅಂತೀಯ! ನಿನಗೆ ಬಸ್ಸಲ್ಲಿ ಅದೆಲ್ಲ ಎಲ್ಲಿ ಗೊತ್ತಾಗತ್ತೆ, ಪಾಪ,” ಎನ್ನುತ್ತಿದ್ದಳು. ಆ ‘ಪಾಪ’ ಎನ್ನುವ ಮಾತನ್ನು ಅವಳ ಬಾಯಿಗೇ ವಾಪಸು ತುರುಕಬೇಕೆಂಬುದು ನನ್ನ ಜೀವನದ ಗುರಿಯಾಗಿತ್ತು.

ಮುಂದಿನ ಭಾನುವಾರ ಇವರು ಬೆಳಗ್ಗೆ ಬೇಗನೆ ತಿಂಡಿ ತಿಂದು, “ವೆಲ್ಡಿಂಗ್ ಅಂಗಡಿಗೆ ಹೋಗಿ ಬರ್ತೀನಿ,” ಎಂದು ಹೊರಟರು. ನಾನು ಹೊಸ ಸೀರೆಗೆ ಫಾಲ್ ಹೊಲಿಯುತ್ತಾ ಕೂತೆ. ಮಧ್ಯಾಹ್ನ ಬಂದಾಗ ಗಾಡಿಯ ಮುಂದೆ ಫಳಫಳ ಹೊಳೆಯುವ ಬಾಗಿದ ಕಂಬಿಯೊಂದು ಕೂತಿತ್ತು. ಬಿದ್ದರೆ ಕಾಲು ಮುರಿಯದಿರಲಿ ಎಂದು ಹಾಕುವ ಗಾರ್ಡಂತೆ. ನನಗೆ ಕಂಡದ್ದು ಡಾಬು. ನನ್ನ ಮದುವೆಗೆ ಹಾಕುತ್ತೇವೆಂದು ಮಾತಾಡಿ, ಕೊನೆಗೆ ‘ಆಮೇಲೆ ನೋಡೋಣ’ ಎಂದು ಬಿಟ್ಟುಹೋದ ಡಾಬು, ಸವತಿಯ ನಡುವಿಗೆ ಬಂದು ಕೂತಿತ್ತು.

ಆಮೇಲೆ ತಡೆಯೇ ಇಲ್ಲ. ಒಂದು ಭಾನುವಾರ ಅವಳ ಕಿವಿಗೆ ಎರಡು ದುಂಡನೆಯ ಕನ್ನಡಿ. ಇನ್ನೊಂದು ಭಾನುವಾರ ಹೆಡ್‌ಲೈಟಿಗೆ ಬೈತಲೆಬೊಟ್ಟಿನ ಹಾಗೊಂದು ಟೋಪಿ. ಹಿಡಿಕೆಯ ತುದಿಗೆ ಗಾಳಿಗೆ ಹಾರುವ ಬಣ್ಣದ ಪ್ಲಾಸ್ಟಿಕ್ ಕುಚ್ಚು. ಚಕ್ರದ ನಡುವಿನ ಗುಂಬ ತಿರುಗುತ್ತ ತಾನೇ ಒರೆಸಿಕೊಳ್ಳಲೆಂದು ಹಳದಿ ಕೆಂಪು ಬ್ರಷ್ಷಿನ ಬಳೆ, ಅದೂ ಹಿಂದೊಂದು ಮುಂದೊಂದು. ಪೆಟ್ರೋಲ್ ಟ್ಯಾಂಕಿಗೆ ರೆಕ್ಸಿನ್ ರವಿಕೆ ಬಂತು, ಅದಕ್ಕೊಂದು ಜೇಬು ಕೂಡ! ನಾನು ದರ್ಜಿಗೆ ಹೇಳಿ ಹೇಳಿ ಸಾಕಾಗಿದ್ದೆ, ನನ್ನ ರವಿಕೆಗೆ ಚಿಲ್ಲರೆ ಇಟ್ಟುಕೊಳ್ಳಲು ಅಂಥದೊಂದು ಜೇಬು ಹೊಲಿದುಕೊಡಲಿಲ್ಲ. ಕೊನೆಗೆ ಪೇಂಟರನ್ನು ಹಿಡಿದು ಹಿಂದಿನ ಮಡ್‌ಗಾರ್ಡಿನ ಮೇಲೆ ಹೆಸರು ಬರೆಸಿದರು. ಯಾರ ಹೆಸರಿರಬಹುದೆಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿ ಹೋಗಿ ನೋಡಿದೆ. ‘ತಾಯಿಯ ಆಶೀರ್ವಾದ’ ಎಂದಿತ್ತು. ಅತ್ತೆ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ಕಾರಣ ಬೇರೆ.

ಸೀಟು ಮಾತ್ರ ಬರಲಿಲ್ಲ. ಕೇಳಿದರೆ, “ಆಗತ್ತೆ, ಆಗತ್ತೆ, ಅದರದ್ದೊಂದು ತಾಪತ್ರಯ ಇದೆ,” ಎಂದು ಕಿವಿ ಕೆರೆದುಕೊಳ್ಳುತ್ತಿದ್ದರು. ಆ ನಡುವೆ ಕ್ಯಾರಿಯರ್ ಮೇಲೆ ರಾಗಿ ಮೂಟೆ ಕೂತು ಹಿಟ್ಟಿನ ಗಿರಣಿಗೆ ಹೋಗಿ ಬಂತು. ಮಾಗಡಿ ರಸ್ತೆಯಿಂದ ಒಂದು ಹಲಸಿನಹಣ್ಣು ಕೂತು ಬಂತು. ರುಬ್ಬುವ ಗುಂಡು ಮುಳ್ಳು ಹೊಡೆಸಿಕೊಳ್ಳಲು ವಿಜಯನಗರದವರೆಗೆ ಸವಾರಿ ಮಾಡಿತು. ಹಲಸಿನಹಣ್ಣು ಇಳಿದಾಗ ಅದರ ಮುಖದಲ್ಲೂ ನಮ್ಮಕ್ಕನ ಕಳೆ ಇದ್ದ ಹಾಗೆ ನನಗೆ ಕಂಡಿತು. ಆ ಹಣ್ಣನ್ನು ನಾನು ಮುಟ್ಟಲಿಲ್ಲ. ತೊಳೆ ಬಹಳ ಸಿಹಿಯಾಗಿತ್ತೆಂದು ಮನೆಯವರೆಲ್ಲ ಹೇಳಿದರು.

ಅತ್ತೆಗೆ ಗಾಡಿಗೆ ದೃಷ್ಟಿಯಾಗುತ್ತಿದೆ ಎಂಬ ಅನುಮಾನ ಹುಟ್ಟಿತು. ಅಮಾವಾಸ್ಯೆಯ ದಿನ ಉಪ್ಪು, ಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ಅದರ ಸುತ್ತ ಸುಳಿಸುತ್ತಾ, “ಊರ ಕಣ್ಣು, ಕೇರಿ ಕಣ್ಣು, ಹೋಗೋರ ಕಣ್ಣು, ಬರೋರ ಕಣ್ಣು, ಮನೆಯೋರ ಕಣ್ಣು,” ಎನ್ನುವಷ್ಟರಲ್ಲಿ ನನಗೆ ಕೆಮ್ಮು ಬಂತು. ಮೆಣಸಿನಕಾಯಿ ಒಲೆಗೆ ಬಿದ್ದಾಗ ಚಟಪಟ ಸಿಡಿಯಿತು. “ನೋಡಿದ್ಯಾ? ಎಂಥ ಕೆಟ್ಟ ಕಣ್ಣು!” ಎಂದರು ಅತ್ತೆ. ನೋಡಿದೆ ಎಂದೆ. ಆ ಕಣ್ಣು ನನ್ನ ಮುಖದಲ್ಲೇ ಇತ್ತಲ್ಲ.

ಹೊಟ್ಟೆಕಿಚ್ಚು ಮನುಷ್ಯನನ್ನು ವಿದ್ವಾಂಸನನ್ನಾಗಿ ಮಾಡುತ್ತದೆ. ಆ ದಿನಗಳಲ್ಲಿ ನಾನು ದೇವಸ್ಥಾನಕ್ಕೆ ಹೋದಾಗಲೆಲ್ಲ ಶಿವ ಪಾರ್ವತಿಯರು ನಂದಿಯ ಮೇಲೆ ಕೂತಿರುವ ಮೂರ್ತಿಯನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದೆ. ಶಿವನಿಗೆ ಒಡವೆಯ ಹುಚ್ಚಿಲ್ಲ. ಹಾವು, ಬೂದಿ, ರುದ್ರಾಕ್ಷಿಯಲ್ಲಿ ಮುಗಿಯಿತು. ಆದರೆ ನಂದಿಯ ಕೊರಳಲ್ಲಿ ಗೆಜ್ಜೆ ಏನು, ಬೆನ್ನಿಗೆ ಜೂಲು ಏನು, ಕೊಂಬಿನ ತುದಿಗೆ ಹಿತ್ತಾಳೆಯ ಅಣಸು ಏನು! ವಾಹನ ಸಿಂಗರಿಸುವ ಚಾಳಿ ಗಂಡಸರಿಗೆ ಕೈಲಾಸದಿಂದಲೇ ಬಂದದ್ದು. ಗಂಗೆಯ ಮೇಲೆ ಪಾರ್ವತಿಗೆ ಮತ್ಸರ ಎಂದು ಕಥೆ ಹೇಳುವವರು ನಂದಿಯ ಮೇಲೂ ಇತ್ತೇ ಎಂದು ಯಾಕೆ ವಿಚಾರಿಸಲಿಲ್ಲವೋ. ಹಾಗೆ ನೋಡುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಪಾರ್ವತಿ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತಿದ್ದಾಳೆ, ಥೇಟು ನಮ್ಮ ಹಾಗೆ. ಅವಳ ಪಾದದ ಕೆಳಗೆ ಶಿಲ್ಪಿ ಒಂದು ಪುಟ್ಟ ಕಮಲ ಕೆತ್ತಿ ಆಸರೆ ಕೊಟ್ಟಿದ್ದಾನೆ. ಆ ಶಿಲ್ಪಿಗೆ ಹೆಂಡತಿ ಇದ್ದಿರಬೇಕು.

ಆಷಾಢ ಕಳೆಯಿತು, ಶ್ರಾವಣ ಬಂತು. ಆಗಲೇ ನಾನು ಇವರನ್ನು ಬಟ್ಟೆ ಒಣಗಿಸುವ ಹಗ್ಗದ ಹತ್ತಿರ ಹಿಡಿದದ್ದು. ನನ್ನ ಒಳಲಂಗವನ್ನು ಅಂಚಿನಲ್ಲಿ ಹಿಡಿದು, ಆಚೀಚೆ ನೋಡುತ್ತಾ, ಅದರ ಉದ್ದಗಲ ಪರೀಕ್ಷಿಸುತ್ತಿದ್ದರು. ನನ್ನನ್ನು ಕಂಡು ಕಳ್ಳ ಬೆಕ್ಕಿನಂತೆ ಜಾರಿಕೊಂಡರು. ನನಗೆ ಎಲ್ಲ ಅರ್ಥವಾಯಿತು. ಗಾಡಿ ಒರೆಸಲು ಅವರ ಬನಿಯನ್ನುಗಳು ಮುಗಿದಿದ್ದವು, ನನ್ನ ಒಂದು ಹಳೆಯ ನೂಲಿನ ಸೀರೆಯೂ ಆ ಸೇವೆಯಲ್ಲಿ ಚಿಂದಿಯಾಗಿತ್ತು. ಈಗ ಲಂಗಕ್ಕೆ ಕಣ್ಣು ಬಿದ್ದಿದೆ! ಇನ್ನು ಸುಮ್ಮನಿದ್ದರೆ ಆಗುವುದಿಲ್ಲವೆಂದು, ನನ್ನ ಲಂಗಗಳನ್ನು ಒಳಗಿನ ಕೋಣೆಯಲ್ಲಿ ಒಣಹಾಕಿ, ಹೊರಗಿನ ಹಗ್ಗದಲ್ಲಿ ನನ್ನವು ಇರುತ್ತಿದ್ದ ಜಾಗದಲ್ಲಿ ಅತ್ತೆಯದನ್ನು ಹರವಿದೆ. ತಾಯಿಯ ಆಶೀರ್ವಾದದಿಂದಲೇ ಒರೆಸಿಕೊಳ್ಳಲಿ ಎಂದು.

ಗೌರಿ ಹಬ್ಬಕ್ಕೆ ಹತ್ತು ದಿನ ಉಳಿದಿತ್ತು. ಬಸ್ಸಿನಲ್ಲಿ ಬೆವರುತ್ತಾ ಕೆಂಗೇರಿಯಲ್ಲಿ ಇಳಿಯುವ ನನ್ನನ್ನೂ, ಬಾಗಿಲಲ್ಲಿ ನಿಂತು ‘ಪಾಪ’ ಎನ್ನುವ ಅಕ್ಕನನ್ನೂ ನೆನೆಸಿಕೊಂಡು ನನಗೆ ಊಟ ಸೇರುತ್ತಿರಲಿಲ್ಲ. ಅಕ್ಕಿ ಹಿಟ್ಟು ಮಾಡಿಸಲು ನಾನೇ ಡಬ್ಬ ಹೊತ್ತು ಗಿರಣಿಗೆ ಹೋದೆ. ಗಿರಣಿಯ ಪಕ್ಕದಲ್ಲೇ ಖಾದರ್ ಸಾಬರ ವೆಲ್ಡಿಂಗ್ ಅಂಗಡಿ. ಬಿಳಿ ಗಡ್ಡದ ಮನುಷ್ಯ, ಕಪ್ಪು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡುತ್ತಿದ್ದರು.

“ಬುಲೆಟ್ ಸಾರ್ ಮನೆಯವ್ರು ತಾನೇ ನೀವು?” ಎಂದರು.

ಹೌದೆಂದೆ. ಸವತಿಯ ಹೆಸರಿನಿಂದ ಗುರುತಿಸಿಕೊಳ್ಳುವ ದುರ್ಗತಿ ಬಂತಲ್ಲ ಎಂದು ಹೊಟ್ಟೆ ಉರಿಯಿತು.

ಅವರು ಎದ್ದು, ಮೂಲೆಯಲ್ಲಿದ್ದ ಗೋಣಿಚೀಲ ಎತ್ತಿದರು. ಒಳಗೆ ಮೆರೂನ್ ಬಣ್ಣದ ರೆಕ್ಸಿನ್ ಹೊದಿಸಿದ ಸೀಟು, ಹೊಚ್ಚ ಹೊಸದು. ಪಕ್ಕದಲ್ಲಿ ಜಾಲರಿ. “ನಾಲ್ಕು ತಿಂಗಳಿಂದ ಇಲ್ಲೇ ಇದೆಯಮ್ಮ. ಗಾಡಿ ಬಂದ ವಾರನೇ ತಂದುಕೊಟ್ರು. ಕಾಲಿಡೋ ಹಲಗೆ ಎಷ್ಟು ಕೆಳಗಿರ್ಬೇಕು ಹೇಳಿ, ಎಲ್ಲ ಒಟ್ಟಿಗೆ ಕೂರಿಸ್ತೀನಿ ಅಂದೆ. ಕೂರೋರನ್ನ ಕರ್ಕೊಂಡು ಬನ್ನಿ ಸಾರ್ ಅಂದ್ರೆ ನಾಚ್ಕೋತಾರೆ. ಮನೇಲಿ ತಾಯಿ ಇದಾರೆ, ಹೆಂಡ್ತಿ ಕಾಲು ಅಳೀತೀನಿ ಅಂತ ಹೆಂಗೆ ಕರ್ಕೊಂಡು ಬರ್ಲಿ ಅಂತಾರೆ. ಪ್ರತಿ ಭಾನುವಾರ ಬರೋದು, ಇವತ್ತೂ ಕೇಳಕ್ಕೆ ಆಗ್ಲಿಲ್ಲ ಸಾಬ್ರೇ ಅನ್ನೋದು, ಬಂದಿದ್ದಕ್ಕೆ ಅದೊಂದು ಹಾಕಿ, ಇದೊಂದು ಹಾಕಿ ಅಂತ ಏನಾದ್ರೂ ಹಾಕಿಸ್ಕೊಂಡು ಹೋಗೋದು.”

ನಾನು ಡಬ್ಬ ಕೆಳಗಿಟ್ಟೆ. ಡಾಬು, ಓಲೆ, ಬೈತಲೆಬೊಟ್ಟು, ಬಳೆ ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಸವತಿಯ ಒಂದೊಂದು ಒಡವೆಯೂ ಇವರು ನನ್ನ ಕಾಲಿನ ಅಳತೆ ಕೇಳಲಾರದೆ ಸೋತು ಬಂದ ಒಂದೊಂದು ಭಾನುವಾರ.

“ಹೋದ ತಿಂಗಳು ಕೊನೆಗೂ ಒಂದು ಅಳತೆ ತಂದ್ರು,” ಎಂದು ಸಾಬರು ಮುಂದುವರಿಸಿದರು. “ಲಂಗದ ಉದ್ದ ಹಗ್ಗದ ಮೇಲೇ ಅಳ್ಕೊಂಡು ಬಂದೀನಿ, ಅರ್ಧಕ್ಕೆ ಮಂಡಿ ಅಂತ ಇಟ್ಕೊಳ್ಳಿ ಅಂದ್ರು. ಮಾಡ್ದೆ. ನೋಡಿದ್ರೆ ಅವ್ರೇ, ಇಲ್ಲ ಸಾಬ್ರೇ, ನಮ್ಮನೆಯವ್ಳು ಇಷ್ಟು ಗಿಡ್ಡ ಇಲ್ಲ, ಎಲ್ಲೋ ತಪ್ಪಾಗಿದೆ ಅಂತ ತಲೆ ಮೇಲೆ ಕೈ ಇಟ್ಕೊಂಡು ಕೂತ್ರು.” ಗೋಡೆಗೆ ನೇತುಹಾಕಿದ್ದ ಹಲಗೆಯನ್ನು ತೋರಿಸಿದರು. ಅದು ನಮ್ಮ ಅತ್ತೆಯ ಕಾಲಿಗೆ ಸರಿಯಾಗಿ ಮಾಡಿದಂತಿತ್ತು. ಅತ್ತೆಯದೇ ಅಳತೆ, ಕಳಿಸಿದವಳು ನಾನೇ.

ಸಾಬರು ಒಂದು ದಾರದ ಉಂಡೆಯನ್ನು ನನ್ನ ಕೈಗೆ ಕೊಟ್ಟು, ಸ್ಟೂಲು ತೋರಿಸಿ, “ಕೂತ್ಕೊಂಡು ಮಂಡಿಯಿಂದ ಪಾದದವರೆಗೆ ನೀವೇ ಅಳೆದು ಗಂಟು ಹಾಕಿ. ಸಾರ್ ಕೈಲೇ ಕಳ್ಸಿ. ನಾನು ಹೇಳಿದೆ ಅನ್ಬೇಡಿ, ಬೇಜಾರ್ ಮಾಡ್ಕೋತಾರೆ,” ಎಂದು ಬೀದಿಯ ಕಡೆ ತಿರುಗಿ ನಿಂತರು. ಅಳೆದೆ. ಗಂಟು ಹಾಕಿದೆ.

ಮನೆಗೆ ಬಂದೆ. ಆ ದಾರವನ್ನು ಬುಲೆಟ್ಟಿನ ಹಿಡಿಕೆಗೆ ಕುಚ್ಚಿನ ಜೊತೆಗೇ ಕಟ್ಟಿದೆ. ಸವತಿಗೆ ನಾನೇ ಕೈಯಾರೆ ತೊಡಿಸಿದ ಒಡವೆ ಅದೊಂದೇ. ಮಾರನೆಯ ಬೆಳಗ್ಗೆ ಇವರು ಅದನ್ನು ಬಿಚ್ಚಿ, ಎರಡು ಬೆರಳಲ್ಲಿ ಎಳೆದು ನೋಡಿ, ಅಡುಗೆಮನೆಯ ಕಿಟಕಿಯತ್ತ ಒಮ್ಮೆ ತಿರುಗಿ, ಜೇಬಿಗೆ ಹಾಕಿಕೊಂಡರು.

ಮೂರನೇ ದಿನ ಸೀಟು ಬಂತು, ಜಾಲರಿ ಬಂತು. ಆದರೆ ಹಲಗೆ ಎರಡು ಬಂದಿದ್ದವು, ಒಂದರ ಮೇಲೊಂದು! “ಮಾಡಿದ್ದು ಯಾಕೆ ದಂಡ ಮಾಡೋದು, ಮೇಲಿಂದು ಅಮ್ಮಂಗೆ ಸರಿಹೋಗತ್ತೆ,” ಎಂದರು ಇವರು. ಸರಿಯಾಗಿಯೇ ಹೋಯಿತು. ನಾಲ್ಕು ತಿಂಗಳು ನಾನು ಕಾದ ಸೀಟಿನ ಮೇಲೆ ಮೊಟ್ಟಮೊದಲು ಕೂತು, ಒಂದು ಕೈಯಲ್ಲಿ ಹಣ್ಣುಕಾಯಿ ಬುಟ್ಟಿ ಹಿಡಿದು, ದೇವಸ್ಥಾನಕ್ಕೆ ಹೋಗಿ ಬಂದವರು ನಮ್ಮತ್ತೆ. ನಾನು ಗೇಟಿನಲ್ಲಿ ನಿಂತು ನಕ್ಕೆ. ಹಲ್ಲು ಕಚ್ಚಿಕೊಂಡೂ ನಗಬಹುದು, ಅಭ್ಯಾಸ ಬೇಕು ಅಷ್ಟೇ.

ಹಬ್ಬದ ದಿನ ನಾವು ಕೆಂಗೇರಿಗೆ ಹೋದೆವು. ಅತ್ತಿಗುಪ್ಪೆ ದಾಟಿದ ಮೇಲೆ ಎರಡೂ ಕಡೆ ರಾಗಿ ಹೊಲ, ಮೈಸೂರು ರಸ್ತೆಯ ಮರಗಳ ನೆರಳು, ಮುಖಕ್ಕೆ ಹೊಡೆಯುವ ಗಾಳಿ. ಅಕ್ಕ ಹೇಳಿದ್ದು ನಿಜ, ಬಹಳ ಚೆಂದ. ನನ್ನ ಕಾಲು ಹಲಗೆಯ ಮೇಲೆ ಒಂದು ಬೆರಳಿನಷ್ಟೂ ಹೆಚ್ಚು ಕಡಿಮೆಯಿಲ್ಲದೆ ಕೂತಿತ್ತು. ಅಕ್ಕ ಬಾಗಿಲಿಗೆ ಬಂದು ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, “ಇದೇನೇ ಎರಡೆರಡು ಹಲಗೆ? ನಮ್ಮ ಸ್ಕೂಟರಿಗೆ ಒಂದೇ ಇರೋದು!” ಎಂದು ಭಾವನವರತ್ತ ಕೆಂಗಣ್ಣು ಬಿಟ್ಟಳು. ಆ ವರ್ಷ ಬಾಗಿನ ಕೊಟ್ಟವಳು ಅವಳು, ಪಡೆದವಳು ನಾನು. ಆ ನೋಟವನ್ನೂ ಅದರಲ್ಲೇ ಸೇರಿಸಿಕೊಂಡು ತಂದೆ.

ಈ ವರ್ಷ ಬುಲೆಟ್ ಮಾರಿದೆವು. ಇವರಿಗೆ ಸೊಂಟ ನೋವು, ಅಷ್ಟು ಭಾರ ಎತ್ತಿ ನಿಲ್ಲಿಸಲಾಗುವುದಿಲ್ಲ. ಬಸವೇಶ್ವರನಗರದಿಂದ ಕೊಳ್ಳಲು ಬಂದ ಯುವಕ ಒಂದು ಸುತ್ತು ಹೊಡೆದು ಬಂದು, “ಗಾಡಿ ಚೆನ್ನಾಗಿದೆ ಸಾರ್. ಮೊದಲು ಈ ಜಾಲರಿ, ಹಲಗೆ ಎಲ್ಲ ಕಿತ್ತಾಕಿಸ್ಬೇಕು,” ಎಂದ. ಹೊಸ ಗಂಡನ ಮೊದಲನೇ ಕೆಲಸ! ಇವರು ಸ್ಪ್ಯಾನರ್ ತಂದು, ಎರಡೂ ಹಲಗೆಗಳನ್ನು ತಾವೇ ಬಿಚ್ಚಿ, ಒರೆಸಿ, ಜಗಲಿಯ ಮೇಲೆ ಇಟ್ಟರು. ಡಾಬು ಓಲೆಗಳ ಸಮೇತ ಸವತಿ ಬೀದಿಯ ತಿರುವಿನಲ್ಲಿ ಮರೆಯಾದಳು. ಅಳು ಬಂತು ಎಂದರೆ ನಗುತ್ತೀರಿ, ಬಂತು.

ಅತ್ತೆ ಜಗಲಿಗೆ ಬಂದು ತಮ್ಮ ಹಲಗೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಅದರ ರಬ್ಬರಿನ ಗೆರೆ ಕೂಡ ಮಾಸಿರಲಿಲ್ಲ. ನನ್ನದರಲ್ಲಿ ರಬ್ಬರು ಪೂರ್ತಿ ಸವೆದು, ಹೆಬ್ಬೆರಳು ಊರುವ ಜಾಗದಲ್ಲಿ ಕಬ್ಬಿಣವೇ ಕಾಣುತ್ತಿತ್ತು.

“ನೋಡೇ, ನಂದು ಇನ್ನೂ ಹೊಸದರ ಹಾಗೇ ಇದೆ. ನಿಂದು ನೋಡು! ಒಂದು ಸಾಮಾನನ್ನೂ ಜೋಪಾನ ಮಾಡೋದು ಗೊತ್ತಿಲ್ಲ ನಿನಗೆ,” ಎಂದರು.

“ಹೌದತ್ತೆ,” ಎಂದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರ ಬೈಗುಳವೊಂದನ್ನು ನಾನು ಅಷ್ಟು ಖುಷಿಯಿಂದ ಒಪ್ಪಿಕೊಂಡದ್ದು ಅದೇ ಮೊದಲು.